ಭಂಗಾರಕ್ಕೆ ಹಾಕುವ ಮುನ್ನ ಬೋಲ್ಟ್ ನೋಡಿ

ಸೊಲ್ಲಾಪುರ: ಮರಾಠಿಯಲ್ಲಿ ‘ಭಂಗಾರ’ ಅಂದರೆ ಗುಜರಿ. ಕನ್ನಡದಲ್ಲಿ ‘ಬಂಗಾರ’ ಅಂದರೆ ಏನೆಂದು ಹೇಳಬೇಕಿಲ್ಲ. ಎರಡೂ ಭಾಷೆ ಆಡುವ ನಮ್ಮ ಓಣಿಗೆ ಬೆಳಿಗ್ಗೆ ಭಂಗಾರವಾಲಾ ಬಂದರೆ ಹಳೆ ಪೇಪರ್, ಮುರಿದ ಕುರ್ಚಿಯ ಜೊತೆ ಈಗ ಇನ್ನೊಂದು ಸಾಮಾನೂ ಹೊರಗೆ ಬರುತ್ತದೆ. 2020ರ ಲಾಕ್‌ಡೌನ್ ಕಾಲದಲ್ಲಿ ಮನೆ ಹೊಕ್ಕ ವ್ಯಾಯಾಮದ ಮಷೀನು!

ನಮ್ಮ ಮನೆಯಲ್ಲೂ ಒಂದಿದೆ. ಹೆಸರು ಎಲಿಪ್ಟಿಕಲ್ ಮಷೀನ್. ಕೆಲವರು ಕ್ರಾಸ್ ಟ್ರೇನರ್ ಅಂತಾರೆ, ಅವ್ವ ‘ನಿಂತ ಸೈಕಲ್’ ಅಂತಾಳೆ. ಎರಡು ಹಲಗೆಯ ಮೇಲೆ ನಿಂತು, ಎರಡು ಉದ್ದನೆಯ ಹಿಡಿಕೆ ಹಿಡಿದು, ಕಾಲು-ಕೈ ಒಟ್ಟಿಗೆ ಆಡಿಸುವುದು. ಪಾದ ಹಲಗೆ ಬಿಟ್ಟು ಮೇಲೇಳುವುದಿಲ್ಲ. ಹೀಗಾಗಿ ಓಡುವಾಗ ಮೊಣಕಾಲಿಗೆ ಬೀಳುವ ಪೆಟ್ಟು ಇಲ್ಲಿಲ್ಲ. 1990ರ ದಶಕದ ನಡುವೆ ಅಮೆರಿಕದ ಪ್ರಿಕೋರ್ ಕಂಪನಿ ಇದನ್ನು ಜಿಮ್‌ಗಳಿಗೆ ತಂದಾಗ ಹಿಡಿಸಿದ್ದೂ ಇದೇ ಕಾರಣಕ್ಕೆ.

ಅವ್ವನಿಗೆ ಶುಗರ್ ಇದೆ, ಮೊಣಕಾಲು ನೋವೂ ಇದೆ. ದಿನಾ ನಡೆಯಿರಿ ಅಂತ ಡಾಕ್ಟರ್ ಹೇಳಿದ್ದರು. ರಸ್ತೆಗೆ ಇಳಿಯಲಾಗದ ಆ ದಿನಗಳಲ್ಲಿ 21,500 ರೂಪಾಯಿ ಕೊಟ್ಟು ಮಷೀನ್ ತರಿಸಿದೆವು. ಮೂರು ವರ್ಷ ಚೆನ್ನಾಗಿಯೇ ನಡೆಯಿತು. ಆಮೇಲೆ ಎಡಗಡೆಯಿಂದ ‘ಟಕ್... ಟಕ್’ ಶುರುವಾಯಿತು.

‘ಮಷೀನ್ ಅಂದಮ್ಯಾಲ ಸಪ್ಪಳ ಮಾಡ್ತದ ಬಿಡು’ ಅಂದಳು ಅವ್ವ. ನಾನೂ ಬಿಟ್ಟೆ. ತಪ್ಪು ಆಗಿದ್ದು ಇಲ್ಲೇ. ಎರಡು ತಿಂಗಳು ಅದೇ ಸಪ್ಪಳದಲ್ಲಿ ತುಳಿದಳು. ಒಂದು ಮುಂಜಾನೆ ಎಡ ಹಲಗೆ ಒಮ್ಮೆಲೇ ಪಕ್ಕಕ್ಕೆ ವಾಲಿತು. ಹಿಡಿಕೆ ಗಟ್ಟಿ ಹಿಡಿದಿದ್ದಕ್ಕೆ ಬೀಳುವುದು ತಪ್ಪಿತು. ಮರುದಿನದಿಂದ ಮಷೀನಿನ ಮೇಲೆ ಸೀರೆ ಒಣಗತೊಡಗಿದವು, ಎಂಟು ತಿಂಗಳು. ಅಷ್ಟರಲ್ಲಿ ಶುಗರ್ ರಿಪೋರ್ಟ್ ಏರಿ ಕೂತಿತ್ತು.

ಕೊನೆಗೆ ಭಂಗಾರವಾಲಾನನ್ನೇ ಕರೆದೆವು. ತೂಗಿ ನೋಡಿ 46 ಕೆ.ಜಿ. ಅಂದ. ಕೆ.ಜಿ.ಗೆ 25ರಂತೆ 1,150 ರೂಪಾಯಿ! ನಾನು ಬಿಕಾಂ ಓದಿದವ. ವರ್ಷಕ್ಕೆ ಶೇ 15ರಂತೆ ನಾಲ್ಕು ವರ್ಷ ಸವಕಳಿ ಕಳೆದರೂ ಪುಸ್ತಕದಲ್ಲಿ 11 ಸಾವಿರದ ಮೇಲೆ ಉಳಿಯುತ್ತದೆ. ಮನಸ್ಸು ಒಪ್ಪಲಿಲ್ಲ.

ಸಪ್ಪಳದ ಭಾಷೆ

ನಮ್ಮ ಹಿಂದಿನ ಮನೆಯಲ್ಲಿ ಪವರ್‌ಲೂಮ್ ಜಾಬರ್ ಒಬ್ಬರಿದ್ದಾರೆ. ಮಗ್ಗ ಕೆಟ್ಟರೆ ಸರಿಮಾಡುವುದೇ ಅವರ ಕೆಲಸ. ಅವರು ಮೊದಲು ಪಾನಾ ಕೇಳಲಿಲ್ಲ, ಸ್ಟೂಲ್ ಕೇಳಿದರು. ಕೂತು, ಹಲಗೆಯನ್ನು ಕೈಯಿಂದ ಮೆಲ್ಲಗೆ ತಿರುಗಿಸಿ ಕೇಳಿದರು. ‘ಒಂದ ಸುತ್ತಿಗಿ ಒಂದ ಸಲ ಬಡೀತದ. ಅಂದ್ರ ತಿರುಗೂ ಜಾಗಾದಾಗ ಸಡಿಲ ಅದ’ ಅಂದರು.

ಅವರು ಹೇಳಿದ ಮೇಲೆ ನನಗೂ ಹೊಳೆಯಿತು. ಈ ಮಷೀನಿಗೆ ತನ್ನದೇ ಭಾಷೆ ಇದೆ. ಸುತ್ತಿಗೊಮ್ಮೆ ‘ಟಕ್’ ಅಂದರೆ ಹೆಚ್ಚಾಗಿ ಕ್ರ್ಯಾಂಕ್ ಅಥವಾ ಹಲಗೆಯ ತೋಳಿನ ಬೋಲ್ಟ್ ಸಡಿಲ. ‘ಕಿರ್ ಕಿರ್’ ಅಂದರೆ ಕೀಲಿನ ಬುಶ್ ಒಣಗಿದೆ ಅಥವಾ ಸವೆದಿದೆ. ಮುಚ್ಚಿದ ಕವರಿನ ಒಳಗಿಂದ ಬಿಡದೆ ‘ಗರಗರ’ ಬಂದರೆ ಬೆಲ್ಟ್ ಇಲ್ಲವೇ ಬೇರಿಂಗ್. ತುಳಿದಾಗ ಹಲಗೆ ಒಮ್ಮೆ ಬಿಗಿ, ಒಮ್ಮೆ ಫ್ರೀ ಆಗಿ ಜಾರಿದಂತಾದರೆ ಬೆಲ್ಟ್ ಸಡಿಲ. ಇಡೀ ಮಷೀನೇ ಕುಣಿದರೆ ದೋಷ ಮಷೀನಿನದಲ್ಲ, ನೆಲದ್ದು.

ನಮ್ಮದರಲ್ಲಿ ಎಡ ಕ್ರ್ಯಾಂಕಿನ ನಟ್ ಸಡಿಲವಾಗಿತ್ತು. ಕ್ರ್ಯಾಂಕ್ ಅಂದರೆ ಮಧ್ಯದ ಅಚ್ಚಿಗೆ ಕೂತಿರುವ ತೋಳು, ಸೈಕಲ್‌ಗೆ ಇರುವಂಥದ್ದೇ. ಮೊದಲ ‘ಟಕ್’ ಕೇಳಿದ ದಿನವೇ ನಟ್ ಬಿಗಿ ಮಾಡಿದ್ದರೆ ಖರ್ಚು ಸೊನ್ನೆ. ಎರಡು ತಿಂಗಳು ಸಡಿಲದಲ್ಲೇ ತುಳಿದಿದ್ದಕ್ಕೆ ಅಚ್ಚು ಕೂರುವ ರಂಧ್ರವೇ ಸವೆದು ಅಗಲವಾಗಿತ್ತು. ಹಾಗಾದ ಮೇಲೆ ಎಷ್ಟು ಬಿಗಿ ಮಾಡಿದರೂ ನಾಲ್ಕು ದಿನಕ್ಕೆ ಮತ್ತೆ ಸಡಿಲ. ಹೊಸ ಕ್ರ್ಯಾಂಕೇ ಬೇಕಾಯಿತು. 1,400 ರೂಪಾಯಿ, ಜೊತೆಗೆ ಮಾರಿದವರಿಗೆ ಮೂರು ವಾರದ ಫೋನು. ಎಂಟು ತಿಂಗಳ ಶುಗರ್ ಮಾತ್ರೆಯ ಲೆಕ್ಕ ಇದರಲ್ಲಿ ಸೇರಿಲ್ಲ.

ಬಿಗಿ ಮಾಡುವುದಕ್ಕೂ ಕ್ರಮವಿದೆ. ಅಡಾಪ್ಟರ್ ಇದ್ದರೆ ಮೊದಲು ಪ್ಲಗ್ ತೆಗೆಯಬೇಕು. ಪಾನಾ ಎರಡು ಬೇಕು, ಒಂದು ಬೋಲ್ಟಿನ ತಲೆ ಹಿಡಿಯಲು, ಇನ್ನೊಂದು ನಟ್ ತಿರುಗಿಸಲು. ಒಳಗೆ ನೈಲಾನ್ ಉಂಗುರವಿರುವ ನಟ್ ಪದೇ ಪದೇ ಬಿಚ್ಚಿದರೆ ಹಿಡಿತ ಕಳೆದುಕೊಳ್ಳುತ್ತದೆ. ಅಂಥದ್ದನ್ನು ಬದಲಿಸುವುದೇ ಲೇಸು. ಇನ್ನೊಂದು ಮಾತು. ಸೈಕಲ್‌ನ ಎಡ ಪೆಡಲ್‌ಗೆ ಉಲ್ಟಾ ಥ್ರೆಡ್ (ಮರಾಠಿಯ ‘ಆಟೆ’) ಇರುವುದು ಸೈಕಲ್ ಅಂಗಡಿಯ ಹುಡುಗರಿಗೂ ಗೊತ್ತು. ಕೆಲವು ಎಲಿಪ್ಟಿಕಲ್‌ಗಳ ಎಡಬದಿಯೂ ಹಾಗೇ. ತಿರುಗಲಿಲ್ಲ ಅಂತ ಜೋರು ಹಾಕುವ ಮೊದಲು ಬೋಲ್ಟ್ ಮೇಲೆ ‘ಎಲ್’ ಅಕ್ಷರ ಇದೆಯೇ ನೋಡಿ. ಥ್ರೆಡ್ ಹಾಳಾದರೆ ಮತ್ತೆ ಹೊಸ ಸಾಮಾನೇ ಗತಿ.

ಜಾಬರ್ ಮಾಡಿದ ಒಂದು ಉಪಾಯ ನನಗೆ ಬಹಳ ಹಿಡಿಸಿತು. ಬಿಗಿ ಮಾಡಿದ ಮೇಲೆ ನಟ್ ಮತ್ತು ತೋಳು ಎರಡನ್ನೂ ದಾಟುವಂತೆ ತಂಗಿಯ ನೇಲ್ ಪಾಲಿಶ್‌ನಿಂದ ಒಂದು ಗೆರೆ ಎಳೆದರು. ಗೆರೆ ನೇರ ಇದ್ದರೆ ನಟ್ ಸರಿದಿಲ್ಲ. ಮುರಿದು ಕಂಡರೆ ಸಡಿಲ ಶುರುವಾಗಿದೆ ಅಂತ ಅರ್ಥ. ಸಪ್ಪಳ ಬರುವ ಮೊದಲೇ ಗೊತ್ತಾಗುತ್ತದೆ.

ಎಣ್ಣೆ ಹಾಕುವ ಚಟ

ಕಿರುಗುಟ್ಟಿದ್ದಕ್ಕೆಲ್ಲ ಎಣ್ಣೆ ಹಾಕುವುದು ನಮ್ಮ ಮನೆಗಳ ಚಟ. ಅವ್ವ ಒಮ್ಮೆ ಕೊಬ್ಬರಿ ಎಣ್ಣೆ ಸುರಿದಿದ್ದಳು, ನಾನು ಹೊಲಿಗೆ ಮಷೀನ್ ಎಣ್ಣೆ. ಮಗ್ಗಗಳ ಹತ್ತಿರದ ಓಣಿಗಳಲ್ಲಿ ಗಾಳಿಯಲ್ಲೇ ಅರಳೆಯ ಎಳೆ ತೇಲುತ್ತದೆ. ಎಣ್ಣೆ ಮತ್ತು ಎಳೆ ಸೇರಿ ಗಾಲಿಯ ಸುತ್ತ ಕಪ್ಪು ಹಿಟ್ಟಿನಂತೆ ಕೂತಿತ್ತು. ಚಮಚದ ಹಿಡಿಯಿಂದ ಕೆರೆದು ತೆಗೆದೆವು.

ಗಾಲಿ ಓಡುವ ಹಳಿಗೆ ಸಾಮಾನ್ಯವಾಗಿ ಒಣ ಬಟ್ಟೆ ಸಾಕು. ಮ್ಯಾನ್ಯುಯಲ್ ಹೇಳಿದರೆ ಮಾತ್ರ ಒಂದೆರಡು ಹನಿ ಸಿಲಿಕೋನ್. ಕಬ್ಬಿಣದ ಅಚ್ಚು ತಿರುಗುವ ಕೀಲಿಗೆ ತೆಳ್ಳಗೆ ಗ್ರೀಸ್. ಅಂಗಡಿಯಲ್ಲಿ ಸಿಗುವ ಡಬ್ಲ್ಯೂಡಿ-40 ಸ್ಪ್ರೇ ತುಕ್ಕು ಬಿಡಿಸಲು ಒಳ್ಳೆಯದು, ಆದರೆ ಅದರ ನುಣುಪು ಬಹಳ ದಿನ ನಿಲ್ಲದು. ಬೆಲ್ಟಿಗಂತೂ ಒಂದು ಹನಿಯೂ ಬೇಡ, ಜಾರತೊಡಗುತ್ತದೆ.

ಫರ್ಶಿ ಮತ್ತು ಬೆವರು

ಹಳೆ ಮನೆಗಳಲ್ಲಿ ನೆಲಕ್ಕೆ ಶಹಾಬಾದ್ ಫರ್ಶಿ. ಬೇಸಿಗೆಗೆ ತಂಪು, ಆದರೆ ಒಂದು ಕಲ್ಲು ಮೇಲೆ, ಒಂದು ಕೆಳಗೆ. ಮಷೀನು ಮೂರೇ ಕಾಲಿನ ಮೇಲೆ ನಿಂತು ನಾಲ್ಕನೆಯದು ಗಾಳಿಯಲ್ಲಿದ್ದರೆ ತುಳಿದಾಗಲೆಲ್ಲ ಚೌಕಟ್ಟು ತಿರುಚಿ ಬೋಲ್ಟ್ ಸಡಿಲವಾಗುತ್ತವೆ. ಕಾಲಿನ ಕೆಳಗೆ ತಿರುಗಿಸಿ ಎತ್ತರ ಸರಿಮಾಡುವ ಬಿಲ್ಲೆಗಳು ಇರುತ್ತವೆ. ನಮ್ಮದಕ್ಕೂ ಇದ್ದವು, ನಾಲ್ಕು ವರ್ಷ ಯಾರೂ ಮುಟ್ಟಿರಲಿಲ್ಲ! ಸರಿಮಾಡಿ ಕೆಳಗೆ ರಬ್ಬರ್ ಮ್ಯಾಟ್ ಹಾಸಿದೆವು.

ಬೆವರಿನ ಉಪ್ಪು ಬೋಲ್ಟ್ ತಿನ್ನುತ್ತದೆ. ತುಳಿದು ಇಳಿದ ಕೂಡಲೇ ಒರೆಸಬೇಕು. ಸೊಲ್ಲಾಪುರದವರಿಗೆ ಟವೆಲ್ ಇಲ್ಲ ಅನ್ನುವ ನೆವ ಇಲ್ಲ. ನಮ್ಮೂರಿನ ಟೆರ್ರಿ ಟವೆಲ್‌ಗೆ ಚಾದರದಂತೆಯೇ ಜಿಐ ಮಾನ್ಯತೆ ಇದೆ.

ಡಿಸ್‌ಪ್ಲೇ ಸತ್ತರೆ ಮೊದಲು ಸೆಲ್ ಬದಲಿಸಿ. ಬೆಳಗುತ್ತದೆ, ಆದರೆ ವೇಗ ಸೊನ್ನೆ ತೋರಿಸುತ್ತದೆ ಅಂದರೆ ಕಂಬದೊಳಗಿನ ವೈರ್ ಜೋಡಣೆ ಬಿಚ್ಚಿರಬಹುದು, ಇಲ್ಲವೇ ತಿರುಗುವ ಚಕ್ರದ ಪುಟ್ಟ ಅಯಸ್ಕಾಂತ ಮತ್ತು ಸೆನ್ಸರ್ ನಡುವಿನ ಅಂತರ ಹೆಚ್ಚಾಗಿರಬಹುದು. ಗುಂಡಿ ತಿರುಗಿಸಿದರೂ ಭಾರ ಏರದಿದ್ದರೆ ಒಳಗಿನ ತಂತಿಯ ಕೊಕ್ಕೆ ಕಳಚಿರುತ್ತದೆ. ಅಯಸ್ಕಾಂತವನ್ನು ಚಕ್ರದ ಹತ್ತಿರಕ್ಕೆ ಎಳೆಯುವುದು ಅದೇ ತಂತಿ. ವಾರಂಟಿ ಇನ್ನೂ ಇದ್ದರೆ ಕವರ್ ನೀವೇ ಬಿಚ್ಚಬೇಡಿ, ಬಿಲ್ ಹುಡುಕಿ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಪ್ರಕಾರ ಕಂಪನಿ ಯಾವ ಊರಲ್ಲಿದ್ದರೂ ನೀವು ಇರುವ ಜಿಲ್ಲೆಯ ಆಯೋಗದಲ್ಲೇ ದೂರು ಕೊಡಬಹುದು. ಅಕ್ಕಲಕೋಟೆಯವರು ಅದಕ್ಕಾಗಿ ಮುಂಬೈ ರೈಲು ಹತ್ತಬೇಕಿಲ್ಲ. ಸಹಾಯವಾಣಿ 1915.

ಮಕ್ಕಳಿರುವ ಮನೆಯವರು ಗಮನಿಸಿ: ನೀವು ತುಳಿಯುವುದು ನಿಲ್ಲಿಸಿದರೂ ಒಳಗಿನ ಭಾರದ ಚಕ್ರ ಕೂಡಲೇ ನಿಲ್ಲುವುದಿಲ್ಲ, ಹಲಗೆಗಳೂ ಅದರ ಜೊತೆ ತಿರುಗುತ್ತವೆ. ತೋಳು ಮತ್ತು ಚೌಕಟ್ಟಿನ ಸಂದಿಯಲ್ಲಿ ಎಳೆ ಬೆರಳು ಸಿಕ್ಕರೆ ದೊಡ್ಡ ಗಾಯ. ಅಕ್ಕನ ಮಗ ಬಂದಾಗ ನಾವು ಎರಡು ಹಲಗೆಗೂ ಹಗ್ಗ ಕಟ್ಟಿಡುತ್ತೇವೆ.

ಈಗ ಅವ್ವ ಮುಂಜಾನೆ ಐದೂವರೆಗೆ ಇಪ್ಪತ್ತು ನಿಮಿಷ ತುಳಿಯುತ್ತಾಳೆ. ಹಿಡಿಕೆಯ ಮೇಲಿನ ನಾಡಿಬಡಿತದ ಅಂಕಿ ಮಾತ್ರ ಇನ್ನೂ ಮನಸ್ಸಿಗೆ ಬಂದಂತೆ ಕುಣಿಯುತ್ತದೆ. ಅದನ್ನು ನಂಬಿ ಮಾತ್ರೆ ಬದಲಿಸಬೇಡ ಅಂತ ಹೇಳಿಟ್ಟಿದ್ದೇನೆ. ರವಿವಾರಕ್ಕೊಮ್ಮೆ ನೇಲ್ ಪಾಲಿಶ್ ಗೆರೆ ನೋಡುವ ಕೆಲಸ ತಂಗಿಯದು. ಸೀರೆ ಒಣಹಾಕಲು ಗಚ್ಚಿಯ ಮೇಲೆ ಹೊಸ ಹಗ್ಗ ಕಟ್ಟಿದ್ದೇವೆ.