ಆಸಿಡ್ ಸುರಿದರೆ ಹಿತ್ತಲಿನ ಕಾಂಕ್ರೀಟ್ ಚಪ್ಪಡಿ ಕರಗುತ್ತದೆಯೇ?

ಹಿತ್ತಲಿನ ಹಳೇ ಕಾಂಕ್ರೀಟ್ ಚಪ್ಪಡಿ ತೆಗೆಯಲು ಟಾಯ್ಲೆಟ್ ಆಸಿಡ್ ಸುರಿದರೆ ಸಾಕೇ? ಈ ಮಾತನ್ನು ನಾವು ಸ್ವಲ್ಪ ಒರೆಗೆ ಹಚ್ಚೋಣ.

ಆಸಿಡ್ ತಿನ್ನುವುದು ಮೇಲ್ಪದರದ ಸಿಮೆಂಟನ್ನು ಮಾತ್ರ. ಒಳಗಿನ ಮರಳು, ನಮ್ಮಲ್ಲಿ ಹೆಚ್ಚಾಗಿ ಬಳಸುವ ಗ್ರಾನೈಟ್ ಜಲ್ಲಿ ಅದಕ್ಕೆ ಕರಗುವುದಿಲ್ಲ. ಬದಲಿಗೆ ಅದರ ಆವಿ ಕಣ್ಣು, ಶ್ವಾಸಕೋಶಗಳಿಗೆ ಹಾನಿ ಮಾಡುತ್ತದೆ.

ಹಾಗಾದರೆ ಸುಲಭದ ದಾರಿ ಯಾವುದು? ಕಾಂಕ್ರೀಟ್ ಒತ್ತಡವನ್ನು ಚೆನ್ನಾಗಿ ತಡೆಯುತ್ತದೆ. ಎಳೆತವನ್ನು ತಡೆಯುವ ಶಕ್ತಿ ಮಾತ್ರ ಅದರ ಸುಮಾರು ಹತ್ತನೇ ಒಂದು ಭಾಗ. ನೆಲಕ್ಕೆ ಕೂತ ಚಪ್ಪಡಿಗೆ ಕೆಳಗಿನ ಮಣ್ಣೇ ಆಸರೆ. ಹೊಡೆದರೂ ಬೇಗ ಒಡೆಯದು. ಆದ್ದರಿಂದ ಅಂಚಿನ ಮಣ್ಣು ಬಿಡಿಸಿ, ಹಾರೆಯಿಂದ ಒಂದು ಬದಿ ಮೀಟಿ, ಆ ಅಂಚಿನಡಿ ಕಲ್ಲು ಕೊಡಿ. ಈಗ ಮಧ್ಯದ ಟೊಳ್ಳಿನ ಮೇಲೆ ದೊಡ್ಡ ಸುತ್ತಿಗೆಯಿಂದ ಹೊಡೆದರೆ ಚಪ್ಪಡಿಯ ಅಡಿಭಾಗಕ್ಕೆ ಎಳೆತ ಬಿದ್ದು ಬಿರುಕು ಬಿಡುತ್ತದೆ.

ನೆನಪಿಡಿ: ಎರಡಡಿ ಉದ್ದ, ಎರಡಡಿ ಅಗಲ, ಎರಡು ಇಂಚು ದಪ್ಪದ ಚಪ್ಪಡಿಯೇ ಸುಮಾರು 45 ಕೆಜಿ ತೂಗುತ್ತದೆ. ಒಬ್ಬರೇ ಎತ್ತಬೇಡಿ, ತುಂಡು ಮಾಡಿ ಸಾಗಿಸಿ. ಅಡಿಯಲ್ಲಿ ಚೇಳು, ಹಾವು ಇರಬಹುದು, ಬರಿಗೈ ಹಾಕಬೇಡಿ. ಒಡೆಯುವಾಗ ಏಳುವ ಧೂಳಿನಲ್ಲಿರುವ ಸಿಲಿಕಾ ಶ್ವಾಸಕೋಶಕ್ಕೆ ಕೆಟ್ಟದ್ದು. ಹಾಗಾಗಿ ಮೊದಲೇ ನೀರು ಚಿಮುಕಿಸಿ. ಎನ್‌95 ಮಾಸ್ಕ್, ಕನ್ನಡಕ, ಗಟ್ಟಿ ಶೂ ಧರಿಸಿ.

ಮನೆಯವರ ಗ್ರೂಪಿಗೆ ಫಾರ್ವರ್ಡ್ ಮಾಡುವುದಾದರೆ ಇಷ್ಟು ಹೇಳಿ: ಬೇಕಿರುವುದು ಆಸಿಡ್ ಬಾಟಲಿಯಲ್ಲ, ಒಂದು ಹಾರೆ.