ಓಡೋ ಕಾಲಿಗೆ ವಾರಕ್ಕೆರಡು ದಿನ ಪೆಡಲ್

ಮೊದಲ ಸಲ 10 ಕಿಲೋಮೀಟರ್ ರೇಸಿಗೆ ಹೆಸರು ಕೊಟ್ಟಾಗ ನನಗೆ ಗೊತ್ತಿದ್ದ ಲೆಕ್ಕ ಒಂದೇ. ಈ ವಾರ ಮೂರು ಕಿಲೋಮೀಟರ್, ಮುಂದಿನ ವಾರ ಐದು, ಆಮೇಲೆ ಏಳು. ಬೆಳಗ್ಗೆ ಆರಕ್ಕೆ ಕಬ್ಬನ್ ಪಾರ್ಕಿಗೆ ಹೋಗಿ ನೋಡಿ, ಅಲ್ಲಿ ಓಡೋರನ್ನ ಕಂಡ್ರೆ ಹುರುಪು ತಾನಾಗೇ ಬರುತ್ತೆ. ಐದನೇ ವಾರಕ್ಕೆ ಮೊಣಕಾಲಿಗೂ ಪಾದಕ್ಕೂ ನಡುವಿನ ಮೂಳೆಯ ಒಳಬದಿ ನೋಯತೊಡಗಿತು. ಆಫೀಸಿನ ಮೆಟ್ಟಿಲಿಳಿಯುವಾಗಲೂ ಚುಚ್ಚುತ್ತಿತ್ತು. ರೇಸಿಗೆ ಬಾಕಿ ಇದ್ದದ್ದು ಎಂಟು ವಾರ.

ಫಿಸಿಯೋಥೆರಪಿಸ್ಟ್ ಬೆರಳಿಂದ ಒತ್ತಿ ನೋಡಿ, "ಇದು ಶಿನ್ ಸ್ಪ್ಲಿಂಟ್. ಹೀಗೇ ಓಡ್ತಾ ಹೋದ್ರೆ ಮೂಳೇಲಿ ಬಿರುಕು ಬಿಡಬಹುದು" ಅಂದರು.

"ಹಾಗಾದ್ರೆ ರೇಸ್ ಬಿಡ್ಬೇಕಾ ಮೇಡಂ?"

"ಮನೇಲಿ ಸೈಕಲ್ ಇದ್ಯಾ?" ಅಂತ ಕೇಳಿದ್ರು.

ನಮ್ಮನೇಲಿ ಇರಲಿಲ್ಲ, ಭಾವನ ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿನಲ್ಲಿ ಧೂಳು ಹಿಡಿದು ನಿಂತಿತ್ತು.

ವಿಷಯ ಇಷ್ಟು. ಓಟ ಶುರು ಮಾಡಿದ ಕೆಲವೇ ವಾರಗಳಲ್ಲಿ ಹೃದಯ, ಶ್ವಾಸಕೋಶ ಪಳಗುತ್ತವೆ. ಮೂಳೆಗೆ, ಸ್ನಾಯುರಜ್ಜುಗಳಿಗೆ ತಿಂಗಳುಗಳೇ ಬೇಕು. ಉಸಿರು ಇನ್ನೂ ಓಡು ಅನ್ನುತ್ತೆ, ಕಾಲು ಬೇಡಪ್ಪಾ ಅನ್ನುತ್ತೆ. ನಾವು ಕೇಳೋದು ಉಸಿರಿನ ಮಾತು. ಓಡುವಾಗ ಪ್ರತಿ ಹೆಜ್ಜೆಗೂ ದೇಹದ ತೂಕದ ಎರಡು-ಮೂರು ಪಟ್ಟು ಹೊರೆ ಕಾಲಿನ ಮೇಲೆ ಬೀಳುತ್ತೆ. ಸೈಕಲ್ಲಿನಲ್ಲಿ ಆ ಬಡಿತವಿಲ್ಲ, ಮೈಭಾರದ ಬಹುಪಾಲನ್ನ ಸೀಟೇ ಹೊರುತ್ತೆ. ಹೃದಯಕ್ಕೆ ಮಾತ್ರ ಕೆಲಸ ತಪ್ಪೋದಿಲ್ಲ.

ಎರಡು ವಾರ ಬರೀ ಸೈಕಲ್. ನೋವಿಳಿದ ಮೇಲೆ ಎರಡು ದಿನ ಓಟ, ಎರಡು ದಿನ ಪೆಡಲ್. ಓಟದ ವೇಗ ನಿಧಾನ, ನಡುನಡುವೆ ನಡಿಗೆ. ಕಿಲೋಮೀಟರ್ ಲೆಕ್ಕ ಬಿಟ್ಟು ಗಡಿಯಾರ ನೋಡ್ಕೊಂಡೆ: 40 ನಿಮಿಷದ ಹಗುರ ಓಟದ ಬದಲು ಒಂದು ಗಂಟೆ ಸೈಕಲ್. ವಾಚಿನಲ್ಲಿ ಹೃದಯ ಬಡಿತ ಓಟಕ್ಕಿಂತ ಸ್ವಲ್ಪ ಕಡಿಮೆ ತೋರಿಸುತ್ತೆ, ಗಾಬರಿ ಬೇಡ. ಕೂತು ಮಾಡೋ ಕೆಲಸ ಅಲ್ವಾ!

ನಾನು ಮಾಡಿದ ಎಡವಟ್ಟು ಸೀಟಿನದ್ದು. ಚಿಕ್ಕವಳಿದ್ದಾಗ ಎರಡೂ ಕಾಲು ನೆಲಕ್ಕೆ ತಾಗೋ ಹಾಗೆ ಕೂತು ಅಭ್ಯಾಸ. ಹಾಗೇ ತುಳಿದೆ, ನಾಲ್ಕೇ ದಿನಕ್ಕೆ ಮಂಡಿಯ ಮುಂಭಾಗ ಹಿಡ್ಕೊಳ್ತು. ಒಂದು ನೋವು ಕಳೆಯೋಕೆ ಹೋಗಿ ಇನ್ನೊಂದು! ಪೆಡಲ್ ಪೂರ್ತಿ ಕೆಳಗಿದ್ದಾಗ ಹಿಮ್ಮಡಿ ಇಟ್ರೆ ಕಾಲು ನೆಟ್ಟಗಾಗಬೇಕು. ಆಮೇಲೆ ಪಾದದ ಮುಂಭಾಗದಿಂದ ತುಳಿದ್ರೆ ಮಂಡಿ ಸ್ವಲ್ಪ ಬಾಗಿರುತ್ತೆ, ಅದೇ ಸರಿಯಾದ ಎತ್ತರ. ಗೇರ್ ಭಾರ ಇಟ್ಕೊಂಡು ಜಗ್ಗಾಡಬೇಡಿ. ಹಗುರವಾಗಿ ನಿಮಿಷಕ್ಕೆ 80ರಿಂದ 90 ಸುತ್ತು ಬರಲಿ. ಬಲಗಾಲನ್ನ 15 ಸೆಕೆಂಡ್ ಎಣಿಸಿ, 20 ದಾಟಿದ್ರೆ ಸಾಕು.

ಬೆಂಗಳೂರಿನ ರಸ್ತೆಯ ಬಗ್ಗೆ ನಾನೇನು ಹೇಳೋದು. ಬೆಳಕು ಹರಿದ ಕೂಡಲೇ ಹೊರಡಿ, ಹೆಲ್ಮೆಟ್ ಹಾಕ್ಕೊಳ್ಳಿ. ಭಯ ಆದ್ರೆ ಜಿಮ್ಮಿನ ಸೈಕಲ್ಲೂ ಅಷ್ಟೇ ಕೆಲಸ ಮಾಡುತ್ತೆ.

ಸುಖವಾಗಿದೆ ಅಂತ ಓಟವನ್ನೇ ಬಿಟ್ಟುಬಿಡಬೇಡಿ. ಬಡಿತ ಬಿದ್ರೇನೇ ಮೂಳೆ ಗಟ್ಟಿಯಾಗೋದು, ಆ ಬಡಿತ ಸೈಕಲ್ಲಿನಲ್ಲಿ ಸಿಗಲ್ಲ. ವಾರದ ಉದ್ದನೆಯ ಓಟ ಉಳಿಸ್ಕೊಂಡು ಹಗುರ ಓಟಗಳನ್ನ ಮಾತ್ರ ಬದಲಾಯಿಸಿ. ಒಂದೇ ಜಾಗದಲ್ಲಿ, ಸುಮ್ಮನೆ ಕೂತಾಗಲೂ ರಾತ್ರಿಯೂ ನೋವಿದ್ರೆ ಸೈಕಲ್ ಅಲ್ಲ, ಡಾಕ್ಟರ್ ಹತ್ರ ಹೋಗಿ.

ರೇಸನ್ನ ಒಂದು ಗಂಟೆ 16 ನಿಮಿಷಕ್ಕೆ ಮುಗಿಸಿದೆ. ಅಂದ್ಕೊಂಡಿದ್ದಕ್ಕಿಂತ ಆರು ನಿಮಿಷ ತಡ. ಮರುದಿನ ಆಫೀಸಿನ ಮೆಟ್ಟಿಲಿಳಿದೆ, ಎಲ್ಲೂ ಚುಚ್ಚಲಿಲ್ಲ. ಭಾವ ಈಗ ಸೈಕಲ್ ವಾಪಸ್ ಕೇಳ್ತಿದ್ದಾರೆ.