ಗಾಳಿಗೆ ಮುಖ ತಿರುಗಿಸುವ ದೋಣಿ

2017ರ ಸೆಪ್ಟೆಂಬರ್ 10ರಂದು ನಮ್ಮ ಮಾಂಡವಿ ನದಿಯಿಂದ ‘ತಾರಿಣಿ’ ಎಂಬ ಹಾಯಿದೋಣಿ ಹೊರಟದ್ದು ನಿಮ್ಮಲ್ಲಿ ಹಲವರಿಗೆ ನೆನಪಿರಬಹುದು. ನೌಕಾಪಡೆಯ ಆರು ಮಂದಿ ಮಹಿಳಾ ಅಧಿಕಾರಿಗಳು ವರ್ತಿಕಾ ಜೋಶಿಯವರ ಮುಂದಾಳುತನದಲ್ಲಿ ಭೂಮಿಯನ್ನು ಒಂದು ಸುತ್ತು ಹಾಕಿ, 2018ರ ಮೇ 21ರಂದು ಗೋವೆಗೆ ಮರಳಿದರು. ಸುಮಾರು 56 ಅಡಿ ಉದ್ದದ ಆ ದೋಣಿಯನ್ನು ಕಟ್ಟಿದ್ದೂ ಗೋವೆಯಲ್ಲೇ.

ದೋಣಿ ಇಂಥ ದೊಡ್ಡದಿರಲಿ, ಇಬ್ಬರೇ ಕೂರುವ ಸಣ್ಣದಿರಲಿ, ಜೋರು ಗಾಳಿಯಲ್ಲಿ ಚುಕ್ಕಾಣಿ ಹಿಡಿದವರಿಗೆ ಒಂದು ಕಾಟ ಉಂಟು. ಗಾಳಿ ಏರಿದಂತೆ ದೋಣಿ ತನ್ನ ಮೂತಿಯನ್ನು ಗಾಳಿ ಬರುವ ದಿಕ್ಕಿಗೇ ತಿರುಗಿಸಲು ಹಟ ಹಿಡಿಯುತ್ತದೆ. ಇದಕ್ಕೆ ನಾವಿಕರು ‘ವೆದರ್ ಹೆಲ್ಮ್’ ಎನ್ನುತ್ತಾರೆ.

ಏಕೆ ಹೀಗೆ? ಹಾಯಿಯ ಮೇಲೆ ಗಾಳಿ ಒತ್ತುವುದು ಒಂದು ಕಡೆ. ನೀರೊಳಗೆ ದೋಣಿಯ ಒಡಲೂ ಅಡಿಯ ಕೀಲೂ ಆ ಒತ್ತಡಕ್ಕೆ ಎದುರು ನಿಲ್ಲುವುದು ಇನ್ನೊಂದು ಕಡೆ. ಗಾಳಿಯ ಒತ್ತಡ ಹಿಂದಕ್ಕೆ ಸರಿದರೆ ಹಿಂಭಾಗ ತಳ್ಳಲ್ಪಟ್ಟು ಮೂತಿ ಗಾಳಿಗೆ ತಿರುಗುತ್ತದೆ. ಆದರೆ ಜೋರು ಗಾಳಿಯಲ್ಲಿ ಮುಖ್ಯ ಕಾರಣ ಇದಲ್ಲ, ದೋಣಿಯ ವಾಲುವಿಕೆ. ಬಲಗಡೆ ಮಾತ್ರ ಹುಟ್ಟು ಹಾಕಿದರೆ ದೋಣಿ ಎಡಕ್ಕೆ ತಿರುಗುವುದನ್ನು ಹೊಳೆಯ ಬದಿಯವರೆಲ್ಲ ಬಲ್ಲಿರಿ. ದೋಣಿ ವಾಲಿದಾಗ ಕಂಬವೂ ಹಾಯಿಯೂ ಒಂದು ಪಕ್ಕದ ನೀರಿನ ಮೇಲೆ ಚಾಚಿಕೊಳ್ಳುತ್ತವೆ. ಮುಂದಕ್ಕೆ ಎಳೆಯುವ ಶಕ್ತಿ ಆ ಪಕ್ಕದಿಂದಲೇ ಬರುತ್ತದೆ. ಮೂತಿ ಅದಕ್ಕೆ ವಿರುದ್ಧವಾಗಿ, ಅಂದರೆ ಗಾಳಿಯ ಕಡೆಗೆ, ಹೊರಳದೆ ಇನ್ನೇನು ಮಾಡೀತು?

ಚುಕ್ಕಾಣಿಯನ್ನು ಬಲವಾಗಿ ಎದುರು ಎಳೆದು ಹಿಡಿದರಾಯಿತು ಎಂದು ಹೊಸಬರು ತಿಳಿಯುತ್ತಾರೆ. ಮೂರು ನಾಲ್ಕು ಡಿಗ್ರಿಯಷ್ಟು ಎಳೆತ ಒಳ್ಳೆಯದೇ; ಕೈಬಿಟ್ಟರೆ ದೋಣಿ ತಾನಾಗಿ ಗಾಳಿಗೆ ತಿರುಗಿ ನಿಧಾನವಾಗುತ್ತದೆ. ಅದಕ್ಕಿಂತ ಬಹಳ ಹೆಚ್ಚಾದರೆ ಚುಕ್ಕಾಣಿಯ ಹಲಗೆ ನೀರಿಗೆ ಅಡ್ಡ ನಿಂತು ಬ್ರೇಕಿನ ಕೆಲಸ ಮಾಡುತ್ತದೆ. ಇನ್ನೂ ವಾಲಿದರೆ ಹಿಡಿತ ತಪ್ಪಿ, ಎಷ್ಟು ಎಳೆದರೂ ದೋಣಿ ರಪ್ಪನೆ ಹೊರಳುತ್ತದೆ. ಪಕ್ಕದಲ್ಲಿ ಇನ್ನೊಂದು ದೋಣಿಯಿದ್ದರೆ, ಅಥವಾ ಹಿಂದಿನಿಂದ ದೊಡ್ಡ ತೆರೆ ಬರುತ್ತಿದ್ದರೆ, ಅಪಾಯ ಹೇಳಬೇಕಾದ್ದಿಲ್ಲ.

ಹಾಗಾದರೆ ಮಾಡಬೇಕಾದ್ದೇನು? ದೋಣಿಯನ್ನು ನೆಟ್ಟಗೆ ಮಾಡಬೇಕು. ಮೊದಲು ಹಿಂದಿನ ದೊಡ್ಡ ಹಾಯಿಯ ಹೊಟ್ಟೆಯನ್ನು ಇಳಿಸಿ. ಅದನ್ನು ಮೇಲೇರಿಸುವ ಹಗ್ಗವನ್ನೂ ಬೂಮಿನ ತುದಿಗೆ ಎಳೆಯುವ ಹಗ್ಗವನ್ನೂ ಬಿಗಿದರೆ ಬಟ್ಟೆ ಚಪ್ಪಟೆಯಾಗುತ್ತದೆ. ಬೂಮಿನ ಹಗ್ಗ ಓಡಾಡುವ ಅಡ್ಡಹಳಿ ಇದ್ದರೆ, ಅದನ್ನು ಗಾಳಿ ಹೋಗುವ ಪಕ್ಕಕ್ಕೆ ಸರಿಸಿ. ಬೀಸುಗಾಳಿ ಬಡಿದಾಗ ಹಗ್ಗ ತುಸು ಸಡಿಲಿಸಿ. ಹಾಯಿಯ ಮುಂಚು ಸ್ವಲ್ಪ ಪಟಪಟಿಸಿದರೂ ಹೆದರಬೇಡಿ. ಇಷ್ಟಕ್ಕೂ ಬಗ್ಗದಿದ್ದರೆ ದೊಡ್ಡ ಹಾಯಿಯನ್ನು ರೀಫ್ ಮಾಡಿ, ಎಂದರೆ ಕೆಳಗಿನ ಪಟ್ಟಿಯನ್ನು ಮಡಚಿ ಕಟ್ಟಿ, ಹಾಯಿಯನ್ನು ಗಿಡ್ಡ ಮಾಡಿ. ಮಡಚಲೋ ಬೇಡವೋ ಎಂಬ ಯೋಚನೆ ಬಂದಾಗಲೇ ಮಡಚಬೇಕು. ಗಾಳಿ ಪೂರ್ತಿ ಏರಿದ ಮೇಲೆ ಅದೇ ಕೆಲಸಕ್ಕೆ ಮೂರು ಪಟ್ಟು ಶ್ರಮ.

ಇಲ್ಲೊಂದು ತಪ್ಪು ಬಹಳ ಮಂದಿ ಮಾಡುತ್ತಾರೆ. ಮುಂದಿನ ಹಾಯಿಯನ್ನು ಒಂದೇ ಹಗ್ಗ ಎಳೆದು ಸುರುಳಿ ಸುತ್ತಬಹುದು, ಸುಲಭ. ಹಾಗಾಗಿ ಮೊದಲು ಅದನ್ನೇ ಸುತ್ತಿಬಿಡುತ್ತಾರೆ. ವಾಲುವುದು ಕಡಿಮೆಯಾದೀತು, ಆದರೆ ಮೂತಿಯನ್ನು ಗಾಳಿಯಿಂದ ಆಚೆ ತಳ್ಳುತ್ತಿದ್ದ ಹಾಯಿಯೇ ಚಿಕ್ಕದಾಯಿತಲ್ಲ! ಎರಡನ್ನೂ ತೂಗಿ ನೋಡಿ ಕಡಿಮೆ ಮಾಡಬೇಕು. ಸಾಮಾನ್ಯವಾಗಿ ಮೊದಲ ಸರದಿ ಹಿಂದಿನ ಹಾಯಿಯದು.

ಎಲ್ಲ ಮಾಡಿಯೂ ದೋಣಿ ಎಳೆಯುತ್ತಲೇ ಇದ್ದರೆ ದಡದಲ್ಲಿ ಬಟ್ಟೆಯನ್ನು ಪರೀಕ್ಷಿಸಿ. ಹಳೆಯ ಹಾಯಿ ಜೋಲಿ ಬಿದ್ದು, ಅದರ ಹೊಟ್ಟೆ ಹಿಂದಕ್ಕೆ ಸರಿದಿರುತ್ತದೆ. ಕಂಬ ಹಿಂದಕ್ಕೆ ಹೆಚ್ಚು ಬಾಗಿದ್ದರೂ ಇದೇ ಕಾಟ. ಮುಂದಿನ ತಂತಿಯನ್ನು ಗಿಡ್ಡ ಮಾಡಿ, ಹಿಂದಿನದನ್ನು ಅಷ್ಟೇ ಸಡಿಲಿಸಿ ನೆಟ್ಟಗೆ ತರಬಹುದು. ಇದನ್ನು ಮಾತ್ರ ತಿಳಿದವರ ಕೈಯಲ್ಲೇ ಮಾಡಿಸಿ.